ರೋಬೋಟು ಎಂತಕ್ಕೆ ಆರ್ಡರ್ ಹಾಕ್ತಿಲ್ಲೆ?

ರಾಶಿ ಅಡಿಕೆಗೆ ಕ್ವಿಂಟಲಿಗೆ ಇನ್ನೂರು ರೂಪಾಯಿ ಕಮ್ಮಿ ಬಿತ್ತೆಂದು ಟೆಂಡರನ್ನೇ ಒಪ್ಪದೆ ಮೂಟೆ ಹಾಗೇ ಇಡಿಸುವ ಮನೆತನ. ಅದೇ ಮನೆಯ ಹುಡುಗ ರಾತ್ರಿ ಹನ್ನೊಂದಕ್ಕೆ, ಯಾರು ಬರೆದರೆಂದೇ ತಿಳಿಯದ, ತಾನೇ ಕೊಂಡು ಮಾರುವ ಸ್ಕ್ರಿಪ್ಟಿನ (ಇವರ ಬಾಯಲ್ಲಿ ‘ರೋಬೋಟು’) ಕೈಗೆ ಯೂರೋ-ಡಾಲರ್ ವ್ಯಾಪಾರ ಒಪ್ಪಿಸಿ ಮಲಗುತ್ತಾನೆ. ಬೆಳಗಾದರೆ ಶಿರಸಿ ಸೀಮೆಯಿಡೀ ಒಂದೇ ಪ್ರಶ್ನೆ: “ಭಾವಾ, ರೋಬೋಟು ಎಂತಕ್ಕೆ ಆರ್ಡರ್ ಹಾಕ್ತಿಲ್ಲೆ?”

ತಮ್ಮಾ, ಮೊದಲು ಆಟೋಟ್ರೇಡಿಂಗ್ ಗುಂಡಿ ಒತ್ತು. ಈ ರೋಬೋಟು ಓಡುವ ತಂತ್ರಾಂಶ ಮೆಟಾಟ್ರೇಡರ್ 4ರಲ್ಲಿ ಚಾರ್ಟಿನ ಮೂಲೆಯ ಮುಖ ಅಳುತ್ತಿದ್ದರೆ ರೋಬೋಟಿಗೆ ಅಪ್ಪಣೆ ಸಿಕ್ಕಿಲ್ಲ ಎಂದರ್ಥ. ಮುಖ ನಕ್ಕರೂ ‘ಎರರ್ 130’ ಬಂದರೆ ತಪ್ಪು ನಿನ್ನದು. 1.08345 ಎಂದು ಐದು ದಶಾಂಶ ತೋರಿಸುವ ಕಡೆ ಸ್ಟಾಪ್‌ಲಾಸ್ (ನಷ್ಟಕ್ಕೆ ಹಾಕುವ ಬೇಲಿ) 20 ಪಾಯಿಂಟ್ ಎಂದು ಬರೆದರೆ ಅದು ಎರಡೇ ಪಿಪ್: ಪಾಯಿಂಟ್ ಎಂದರೆ ಐದನೆಯ ದಶಾಂಶ, ಪಿಪ್ ಎಂದರೆ ನಾಲ್ಕನೆಯದು. ಬ್ರೋಕರ್ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹತ್ತರಿಂದ ಗುಣಿಸು.

ಗುಣಿಸಿದ ಮರುದಿನ ದೂರು ತಿರುಗಾಮುರುಗಾ: ಒಂದು ತಾಸಿನಲ್ಲಿ ಅರವತ್ತು ಆರ್ಡರ್! ಬೆಲೆ ಅಲುಗಿದಾಗಲೆಲ್ಲ ಕೋಡಿನ ಒಂದು ಭಾಗ, ‘ಆನ್‌ಟಿಕ್’ ಓಡುತ್ತದೆ. ಒಮ್ಮೆ ಕುಡಿಯಲು ಆಸರಿಗೆ ಕೊಟ್ಟ ನೆಂಟರಿಗೆ ಮತ್ತೆ ಕೊಡಬೇಕಿಲ್ಲ ಎಂಬ ಮರ್ಯಾದೆ ಅದಕ್ಕೆಲ್ಲಿ ಗೊತ್ತು? ಅಲುಗಿದಷ್ಟು ಸಲ ಲೋಟ ತಂದಿಡುತ್ತದೆ. ತನ್ನ ಮ್ಯಾಜಿಕ್ ನಂಬರಿನ ಆರ್ಡರ್ ಈಗಾಗಲೇ ತೆರೆದಿದೆಯೇ ಎಂದು ನೋಡಿ ಹಾಕುವ ನಾಲ್ಕು ಸಾಲು ಬರೆಯಬೇಕು. ಮ್ಯಾಜಿಕ್ ಎಂದರೆ ಬರೀ ಗುರುತಿನ ಸಂಖ್ಯೆ, ಮಾಟವಲ್ಲ.

ಇನ್ನು ಮೆಟಾಟ್ರೇಡರ್ 4ರ ಕೋಡನ್ನು 5ಕ್ಕೆ ಅಂಟಿಸುವ ಪಂಡಿತರು. ಐದರಲ್ಲಿ ಸರಾಸರಿ ಕೇಳುವ ಆಜ್ಞೆ ‘ಐಎಂಎ’ ಕೊಡುವುದು ಸರಾಸರಿ ಬೆಲೆಯನ್ನಲ್ಲ, ಒಂದು ಹ್ಯಾಂಡಲ್ ಸಂಖ್ಯೆಯನ್ನು, ಅಂದರೆ 10ರಂಥ ಟೋಕನ್ ನಂಬರನ್ನು. ಬೆಲೆ ಬೇಕಾದರೆ ‘ಕಾಪಿಬಫರ್’ ಕರೆಯಬೇಕು. ಕರೆಯದಿದ್ದರೆ ಯೂರೋದ ಸರಾಸರಿ ಬೆಲೆ ಹತ್ತು ಡಾಲರ್ ಎಂದೇ ರೋಬೋಟಿನ ನಂಬಿಕೆ. ಅದರ ಮೇಲೆ ವ್ಯಾಪಾರವೂ ನಡೆಯುತ್ತದೆ, ಯಾರೂ ತಡೆಯುವುದಿಲ್ಲ.

ಇಷ್ಟೆಲ್ಲ ಸರಿಹೋದ ಮೇಲೆ ಮಾರ್ಟಿಂಗೇಲ್ ಬರುತ್ತದೆ: ಸೋತರೆ ದುಪ್ಪಟ್ಟು ಹಾಕು, ಒಮ್ಮೆ ಗೆದ್ದರೆ ಎಲ್ಲ ವಾಪಸ್. ಲೆಕ್ಕ ಹಾಕೋಣ. 0.01 ಲಾಟ್ (ಲಾಟ್ ಎಂದರೆ ವ್ಯಾಪಾರದ ಅಳತೆ; ಇಷ್ಟಕ್ಕೆ ಒಂದು ಪಿಪ್‌ಗೆ ಹತ್ತು ಸೆಂಟ್), 20 ಪಿಪ್ ಗುರಿ, 20 ಪಿಪ್ ಸ್ಟಾಪ್. ಗೆದ್ದರೆ 2 ಡಾಲರ್. ಹತ್ತು ಸಲ ಸತತ ಸೋತರೆ ಹೋದದ್ದು 2,046 ಡಾಲರ್. ಹನ್ನೊಂದನೆಯದು 10.24 ಲಾಟ್; ಅಲ್ಲಿ 2,048 ಡಾಲರ್ ಒಡ್ಡಿ ಗೆದ್ದರೆ ಒಟ್ಟು ಲಾಭ ಎಷ್ಟು? ಅದೇ 2 ಡಾಲರ್. ಸ್ಪ್ರೆಡ್ (ಕೊಳ್ಳುವ-ಮಾರುವ ದರದ ಅಂತರ) ಕಳೆದರೆ ಅದೂ ಇಲ್ಲ. 500 ಡಾಲರಿನ ಖಾತೆಗಂತೂ ಏಳು ಸೋಲಿಗೆ 254 ಹೋಗಿರುತ್ತದೆ. ಎಂಟನೆಯದಕ್ಕೋ, ಬ್ರೋಕರನ್ನು ನೋಡಿ ಅದಕ್ಕೂ ಮೊದಲೋ, ಮಾರ್ಜಿನ್ (ಆರ್ಡರಿಗೆ ಒತ್ತೆಯಿಡುವ ಹಣ) ಸಾಲದೆ ‘ಎರರ್ 134’. ಅದಕ್ಕೂ ಪ್ರಶ್ನೆ ಬರುತ್ತದೆ: “ಈ 134 ತೆಗೆಯೋ ಕೋಡ್ ಇದ್ದಾ?”

ಬ್ಯಾಕ್‌ಟೆಸ್ಟಿನಲ್ಲಿ (ಹಳೆಯ ದರದ ಮೇಲೆ ಓಡಿಸಿ ನೋಡುವ ಪರೀಕ್ಷೆ) ಲಾಭದ ಗೆರೆ ದೇವಿಮನೆ ಘಟ್ಟದ ಹಾಗೆ ಏರಿತ್ತಲ್ಲ ಎನ್ನುತ್ತಾರೆ. ಹೋದ ವರ್ಷ ಯಾವ್ಯಾವ ದಿನ ಮಳೆ ಹೊಯ್ದಿತ್ತೆಂದು ಬಾಯಿಪಾಠ ಮಾಡಿ, ಅದೇ ತಾರೀಕು ಬಿಟ್ಟು ಈ ವರ್ಷ ಬೋರ್ಡೋ ಔಷಧಿ ಹೊಡೆಯುವವನ ತೋಟದಲ್ಲಿ ಕೊಳೆರೋಗ ಬಾರದೆ ಇನ್ನೆಲ್ಲಿ ಬರಬೇಕು? ಎರಡು ವರ್ಷದ ದರದ ಮೇಲೆ ಹೊಂದಿಸಿದ್ದನ್ನು, ಅದು ಕಾಣದ ಮೂರನೆಯ ವರ್ಷದ ಮೇಲೆ ಓಡಿಸಿ ನೋಡಬೇಕು. ನೋಡಿದವರು ಯಾಕೋ ಮತ್ತೆ ಪ್ರಶ್ನೆ ಕೇಳಲು ಬರುವುದಿಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಇದು ಕಾನೂನಿಗೆ ಒಪ್ಪುತ್ತದೆಯೇ? ಅನುಮತಿಯಿಲ್ಲದ ವಿದೇಶಿ ವಿನಿಮಯ ಜಾಲತಾಣಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೊರಡಿಸಿದೆ. ರೋಬೋಟು ಅಂಥ ಕಡೆಯೇ ಓಡುತ್ತಿದ್ದರೆ ಎರರ್ ನಂಬರು ಬರುವುದಿಲ್ಲ, ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನೋಟಿಸು ಬರಬಹುದು. ಸರಿಯಾದ ದಾರಿ ಎನ್‌ಎಸ್‌ಇಯಂಥ ಷೇರು ವಿನಿಮಯ ಕೇಂದ್ರ. ಅಲ್ಲಿ ಡಾಲರ್-ರೂಪಾಯಿಯ ಒಂದು ಕಾಂಟ್ರಾಕ್ಟಿನ ಗಾತ್ರ 1,000 ಡಾಲರ್. ಆದರೆ 2024ರ ಮೇ 3ರಿಂದ ರೂಪಾಯಿ ಜೋಡಿಗಳಲ್ಲಿ ಆಡಬೇಕಾದರೆ ಆಮದು, ರಫ್ತು, ಸಾಲ ಹೀಗೆ ವಿದೇಶಿ ಹಣದ ನಿಜವಾದ ವ್ಯವಹಾರವೊಂದು ನಮ್ಮ ಕೈಯಲ್ಲಿರಬೇಕು.

ಹುಡುಗ ಇದನ್ನು ಓದಿ ಹೇಳಿದರೆ ಜಗುಲಿಯಲ್ಲಿ ಕವಳ ಹಾಕುತ್ತಿದ್ದ ಅಪ್ಪಯ್ಯ ತಲೆಯೆತ್ತುತ್ತಾರೆ: “ನಿನ್ನ ಅಣ್ಣ ಅಮೆರಿಕಾದಲ್ಲಿ ಇದ್ನಲಾ, ಅದು ಸಾಲ್ದಾ?”