ಸಂಕಮ್ಮನ ಸಾಲಿಗೆ ನಾಲ್ಕು ನಿಮಿಷ

ಹಾಡು ಸಾಯುತ್ತಿದೆ ಎಂಬ ಸುದ್ದಿ ಹಾಡುವವನಿಗೆ ತಿಳಿಯುವುದು ಅದರ ಪುನರುಜ್ಜೀವನದ ಆಹ್ವಾನಪತ್ರಿಕೆ ಕೈಗೆ ಬಂದಾಗಲೇ. 'ಅಳಿವಿನಂಚಿನ ಮಲೆ ಮಹದೇಶ್ವರ ಕಾವ್ಯ: ಉಳಿಸೋಣ ಬನ್ನಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಹಿಂದಿನ ಅಮಾವಾಸ್ಯೆಗಷ್ಟೇ ಆ ಮಹದೇಶ್ವರನ, ಅಂದರೆ ಮಾದಪ್ಪನ, ಬೆಟ್ಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರಕೆ ಹೊತ್ತ ಮನೆಯವರು ಅವನ ಹಾಡುಗಾರರಾದ ದೇವರಗುಡ್ಡರನ್ನು ಕರೆಸಿ ಕೋಳಿ ಕೂಗುವವರೆಗೂ ಕತೆ ಹಾಡಿಸಿದ್ದರು. ಆದರೇನು, ಹಾಡಿನ ಬಳಿ ಜೀವಿತ ಪ್ರಮಾಣಪತ್ರವಿಲ್ಲ. ಬೆಂಗಳೂರಿನ ಸಮಿತಿ ಸತ್ತಿದೆ ಎಂದರೆ ಸತ್ತಂತೆಯೇ.

ಉಳಿಸುವ ಕೆಲಸ ಶುರುವಾಗುವುದು ಕತ್ತರಿಯಿಂದ. ಕಾವ್ಯದಲ್ಲಿ ಸಾಲುಗಳಿವೆ. ಸಾಲು ಅಂದರೆ ಪದ್ಯದ ಒಂದು ಗೆರೆಯಲ್ಲ, ಒಂದು ಇಡೀ ಕತೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಶ್ರವಣದೊರೆಯ ಸಾಲು. ಒಂದೊಂದಕ್ಕೂ ಗಂಟೆಗಟ್ಟಲೆ ಹೊತ್ತು ಬೇಕು. ಮೊಬೈಲ್ ನೋಡುವ ಹೆಬ್ಬೆರಳಿಗೆ ಅಷ್ಟು ಪುರುಸೊತ್ತಿಲ್ಲವಾದ್ದರಿಂದ ಕತೆಯನ್ನು ಬಿಸಾಡಿ ಸೊಲ್ಲನ್ನು, ಅಂದರೆ ಪಲ್ಲವಿಯನ್ನು, ಮಾತ್ರ ಇಟ್ಟುಕೊಳ್ಳುತ್ತಾರೆ. ಸೊಲ್ಲು ಇರುವುದಾದರೂ ಯಾಕೆ? ಮುಂದಾಳು ಕತೆ ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ, ಆ ಸಂದಿನಲ್ಲಿ ಅವನು ಉಸಿರೆಳೆದುಕೊಂಡು ಮುಂದಿನ ನುಡಿ ಹೊಂದಿಸಿಕೊಳ್ಳುತ್ತಾನೆ. ಹೀಗೆ ಹಾಡುಗಾರ ಸುಧಾರಿಸಿಕೊಳ್ಳುವ ಜಾಗವನ್ನೇ ಹಾಡು ಎಂದು ಉಳಿಸಿ, ಹದಿನಾರು ಸಲ ತಿರುಗಿಸಿ, ಮಧ್ಯೆ ಗಿಟಾರು ತುಂಬಿದರೆ ಮೂರು ನಿಮಿಷ ನಲವತ್ತು ಸೆಕೆಂಡು. ಹಾಡು ಉಳಿಯಿತು.

ಸಂಕಮ್ಮನ ಗತಿ ಕೇಳಿ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲದ ಮೇಲೆ ಶಂಕೆಪಟ್ಟು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಟ್ಟು ಹೋಗುತ್ತಾನೆ. ಮಾದಪ್ಪ ಜಂಗಮನಾಗಿ ಬಂದು ಮಕ್ಕಳ ಫಲ ಕೊಡುತ್ತಾನೆ, ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ. ಪುನರುಜ್ಜೀವಿತ ಸಂಕಮ್ಮನಿಗೆ ಈ ರಗಳೆ ಯಾವುದೂ ಇಲ್ಲ. ಅವಳು ಬಿಳಿ ಸೀರೆಯುಟ್ಟು ಜಲಪಾತದ ಮುಂದೆ ನಿಧಾನಗತಿಯಲ್ಲಿ ತಿರುಗುತ್ತಾಳೆ. ಗಂಡನ ಮಾತೆತ್ತಿದರೆ ಕುಟುಂಬ ಸಮೇತ ನೋಡಲಾಗುವುದಿಲ್ಲವಂತೆ. ಕುಟುಂಬದ ಕತೆಯನ್ನು ಹಳ್ಳಿಯ ಕುಟುಂಬಗಳೆಲ್ಲ ಚಾಪೆ ಹಾಸಿಕೊಂಡು ಇಡೀ ರಾತ್ರಿ ಕೇಳಿದ್ದು ಹೇಗೋ!

ನುಡಿಯ ಸಂಗತಿ ಇನ್ನೂ ಚೆನ್ನಾಗಿದೆ. ಚಾಮರಾಜನಗರದ ಕಡೆ ಮಾದಪ್ಪ 'ಕುಂತವ್ನೆ', 'ಬತ್ತಾವ್ನೆ'; ಅಲ್ಲಿ ಎಲ್ಲವೂ 'ಅದೆ'. ಸ್ಟುಡಿಯೋದವರಿಗೆ ಜನಪದ ಎಂದರೆ ಒಂದೇ ಮಸಾಲೆ ಡಬ್ಬಿ. ಅದರಿಂದ ಎರಡು ಚಮಚ 'ಐತಿ', ಒಂದು ಚಿಟಿಕೆ 'ಬರ್ತಾನ' ಉದುರಿಸುತ್ತಾರೆ. ಮಾದಪ್ಪ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುತ್ತಾನೆ. ಹಾಡುಗಾರ 'ಆಲು' ಎಂದಿದ್ದನ್ನು 'ಹಾಲು' ಎಂದು ತಿದ್ದುವ ಭಾಷಾ ಸಲಹೆಗಾರರೇ ಮುಂದಿನ ನುಡಿಯಲ್ಲಿ 'ಸ್ವಲ್ಪ ಹಳ್ಳಿ ಸೊಗಡು ಹಾಕಿ' ಎನ್ನುತ್ತಾರೆ.

ಇನ್ನು ವಾದ್ಯ. ಕಂಸಾಳೆ ಒಂದು ಜೋಡಿ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಎರಡೂ ಕಂಚು, ಅಂದರೆ ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದದ್ದು. ತವರ ಸಾಕಷ್ಟಿದ್ದರೇ ಪೆಟ್ಟು ಬಿದ್ದ ಮೇಲೂ ನಾದ ನಿಲ್ಲುತ್ತದೆ. ಉತ್ಸವ ಸಮಿತಿ ಕೊಳ್ಳುವುದು ಅಲಂಕಾರದಂಗಡಿಯ ಹಿತ್ತಾಳೆ. ಅದರಲ್ಲಿರುವುದು ಸತು, ಫೋಟೋದಲ್ಲಿ ಚಿನ್ನದಂತೆ ಹೊಳೆಯುತ್ತದೆ, ಬಡಿದರೆ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದಂತಾಗುತ್ತದೆ. ಪರವಾಗಿಲ್ಲ, ಶಬ್ದ ಹೇಗಿದ್ದರೂ ಕಂಪ್ಯೂಟರಿನಲ್ಲಿದೆ.

ಅಪ್ಪಿತಪ್ಪಿ ನಿಜವಾದ ಕಂಚು ಸ್ಟುಡಿಯೋ ಹೊಕ್ಕರೆ ಎಂಜಿನಿಯರಿಗೆ ಜ್ವರ. ಗಾಯಕಿಯ ಪಿಸುಮಾತಿಗೆಂದು ಏರಿಸಿಟ್ಟ ಮೈಕಿಗೆ ಒಂದು ಏಟು ಬಿದ್ದರೆ ಸಾಕು, ಕೆಂಪು ದೀಪ ಹತ್ತಿ ಧ್ವನಿ ಒಡೆಯುತ್ತದೆ. ಮೈಕನ್ನು ಆರಡಿ ಹಿಂದಕ್ಕೆ ಸರಿಸಿ ಮಟ್ಟ ಇಳಿಸಿದರೆ ಮುಗಿಯುವ ಕೆಲಸ. ಅದನ್ನು ಬಿಟ್ಟು ಹಾಡುಗಾರನ ಕೈಯಿಂದ ಕಂಸಾಳೆಯನ್ನೇ ಕಿತ್ತುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ನಿಮಿಷಕ್ಕೆ 110 ಟಿಕ್ ಟಿಕ್ ಹಾಕಿ 'ಈಗ ಹಾಡಿ ಯಜಮಾನ್ರೇ' ಎನ್ನುತ್ತಾರೆ. ಅವನು ಎರಡನೇ ನುಡಿಗೇ ತಡವರಿಸುತ್ತಾನೆ. ತಡವರಿಸದೆ ಏನು? ಅವನ ನೆನಪು ಇರುವುದು ತಲೆಯಲ್ಲಷ್ಟೇ ಅಲ್ಲ, ಮಣಿಕಟ್ಟಿನಲ್ಲೂ ಇದೆ. ಕೈ ಬೀಸಿದರೆ ಮಾತು ಬರುತ್ತದೆ. ಮಾದಪ್ಪ ಬೆಟ್ಟ ಏರುವಾಗ ತಾಳ ನಿಧಾನವಾಗುತ್ತದೆ, ಜಗಳಕ್ಕೆ ನಿಂತಾಗ ಬಿರುಸಾಗುತ್ತದೆ. ಟಿಕ್ ಟಿಕ್‌ಗೆ ಬೆಟ್ಟವೂ ಒಂದೇ ಬಯಲೂ ಒಂದೇ. ಕೊನೆಗೆ 'ಅಜ್ಜನಿಗೆ ತಾಳಜ್ಞಾನ ಕಡಿಮೆ' ಎಂದು ಷರಾ ಬರೆದು, ಅವನ ಹಾಡನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಬೇರೆಯವರಿಂದ ಹಾಡಿಸುತ್ತಾರೆ. ಆ ದನಿಯನ್ನು ಶ್ರುತಿ ತಿದ್ದುವ ಯಂತ್ರಕ್ಕೆ ಕೊಟ್ಟು ಗುಂಡಿಯನ್ನು ಕೊನೆಯವರೆಗೆ ತಿರುವಿದರೆ, ಎರಡು ಸ್ವರಗಳ ನಡುವೆ ಜಾರುತ್ತಿದ್ದ ಎಳೆತವೆಲ್ಲ ಹಾರ್ಮೋನಿಯಂ ಮನೆಗಳಲ್ಲಿ ಶಿಸ್ತಾಗಿ ಕೂರುತ್ತದೆ.

ಹೆಸರು ಹಾಕುವಾಗ ಮಾತ್ರ ಬಲು ನಿಷ್ಠೆ. ಸಂಗೀತ, ಸಂಯೋಜನೆ, ಪರಿಕಲ್ಪನೆ, ಡ್ರೋನ್, ಕೇಶವಿನ್ಯಾಸ, ಎಲ್ಲಕ್ಕೂ ಹೆಸರುಂಟು. ಸಾಹಿತ್ಯ: ಜನಪದ. ಈ ಜನಪದ ಎಂಬ ಮನುಷ್ಯನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ. ಬ್ಯಾಂಕ್ ಖಾತೆ ಇಲ್ಲ, ತಕರಾರಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ ಹಾಡಿ ತೋರಿಸಿದವನಿಗೂ ಹಕ್ಕು ಬಂದಿದೆ, ಅದರ ಅವಧಿ ಈಗ 50 ವರ್ಷ. ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು 2012ರಲ್ಲಿ ಸೇರಿತು. ಆದರೆ ಸ್ಟುಡಿಯೋದಲ್ಲಿ ಅವನ ಮುಂದಿಟ್ಟ ಕಾಗದ ಇಂಗ್ಲಿಷಿನಲ್ಲಿತ್ತು, ಜೊತೆಗೆ ಕೊಟ್ಟ ಶಾಲು ಮಾತ್ರ ಅಚ್ಚಗನ್ನಡದ್ದು. ಮುಂದೆ ಅವನ ಮೊಮ್ಮಗ ತಾತನ ಹಾಡನ್ನು ಯೂಟ್ಯೂಬಿಗೆ ಹಾಕಿದರೆ, ಇದು ಇನ್ನೊಬ್ಬರ ಸ್ವತ್ತು ಎಂದು ಯಂತ್ರ ತಗಾದೆ ತೆಗೆದರೂ ಆಶ್ಚರ್ಯವಿಲ್ಲ.

ಕೊನೆಗೆ ಲೋಕಾರ್ಪಣೆ. ಇಲ್ಲಿಯೂ ಸಾಲುಗಳಿವೆ: ಗಣ್ಯರ ಸಾಲು, ಗಣ್ಯರ ಹಿಂಬಾಲಕರ ಸಾಲು, ಹಾರ ಹಾಕುವವರ ಸಾಲು, ಊಟದ ಸಾಲು, ಮತ್ತು ಪ್ರಯಾಣಭತ್ಯೆಗೆ ಆಧಾರ್ ಜೆರಾಕ್ಸ್ ಹಿಡಿದು ನಿಂತ ಕಲಾವಿದರ ಸಾಲು. ಕಾರ್ಯಕ್ರಮ ಹತ್ತು ಗಂಟೆಗೆ, ಮಂತ್ರಿಗಳು ಹನ್ನೆರಡೂವರೆಗೆ. ಕಂಸಾಳೆ ಬಾರಿಸಿ ಉದ್ಘಾಟನೆ. ಬಟ್ಟಲು ಬಲಗೈಯಲ್ಲಿ, ತಾಳ ಎಡಗೈಯಲ್ಲಿ, ಕಣ್ಣು ಕ್ಯಾಮೆರಾದಲ್ಲಿ. ಆಮೇಲೆ ಒಂಬತ್ತು ಭಾಷಣ. ಒಂಬತ್ತರಲ್ಲೂ ಯುವಜನತೆಗೆ ತಾಳ್ಮೆಯಿಲ್ಲ ಎಂಬ ವಿಷಾದ.

ಮೂರು ಗಂಟೆಗೆ ಬೆಳಗಿನಿಂದ ವಿಭೂತಿ ಹಚ್ಚಿಕೊಂಡು ಕೂತಿದ್ದ ದೇವರಗುಡ್ಡರ ಸರದಿ. ಸಮಯದ ಅಭಾವ, ನಾಲ್ಕು ನಿಮಿಷ. ಅವರು ಗಣಪತಿಯನ್ನೂ ಶಾರದೆಯನ್ನೂ ನೆನೆದು, ಎಪ್ಪತ್ತೇಳು ಮಲೆಗೆ ಕೈಮುಗಿದು, ಸಂಕಮ್ಮನ ಹೊಸ್ತಿಲಿಗೆ ಬರುವಷ್ಟರಲ್ಲಿ ನಿರೂಪಕಿ ಚಪ್ಪಾಳೆ ಕೇಳಿಬಿಟ್ಟಳು. ಮೈಕಿನವನು ತಂತಿ ಸುತ್ತುತ್ತಾ ಬಂದ. ಮುಂದಾಳು ಕಂಸಾಳೆಯನ್ನು ಎದೆಗೊತ್ತಿ ಸದ್ದಡಗಿಸಿ, ಅವನ ಕಡೆ ತಿರುಗಿ ಕೇಳಿದ:

"ಇನ್ನೂ ಸಂಕಮ್ಮಂಗೆ ಮಕ್ಳೇ ಆಗಿಲ್ವಲ್ಲಾ ಬುದ್ಧಿ?"

"ಊಟದ ಟೋಕನ್ ತಗೊಂಡ್ರಾ ಯಜಮಾನ್ರೇ?" ಅಂದ ಮೈಕಿನವನು.