ಟ್ರೆಡ್‌ಮಿಲ್ ಬೆಲ್ಟ್ ಕೆಳಗೆ ಕೈ ಹಾಕದೆ ‘ಮೋಟಾರ್ ಹೋಗಿದೆ’ ಅನ್ನಬೇಡಿ

ಈಗಷ್ಟೇ ಮೇಲಿನ ಮನೆಯಿಂದ ಇಳಿದು ಬಂದೆ. ಕೈಯಲ್ಲಿ ಇನ್ನೂ ಸಿಲಿಕೋನ್ ಎಣ್ಣೆಯ ಜಿಡ್ಡಿದೆ. ಸಿಟ್ಟೂ ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಮೇಲಿನ ಮನೆ ಮೇಷ್ಟ್ರು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಸ್ಟೆಂಟ್ ಹಾಕಿಸಿಕೊಂಡ ಮೇಲೆ ದಿನಾ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮಗ ಟ್ರೆಡ್‌ಮಿಲ್ ಕೊಡಿಸಿದ್ದಾನೆ. ಅದು ಕೆಲವು ದಿನಗಳಿಂದ ನಡೆಯುವಾಗ ತಡೆತಡೆದು ಓಡುತ್ತಿತ್ತು, ಆಮೇಲೆ ತಾನಾಗೇ ನಿಂತುಬಿಡುತ್ತಿತ್ತು. ಇವತ್ತು ಸರ್ವಿಸ್ ಹುಡುಗ ಬಂದ. ಆನ್ ಮಾಡಿದ, ಎರರ್ ನೋಡಿದ, ಹೇಳಿದ: “ಸರ್, ಮೋಟಾರ್ ವೀಕ್ ಆಗಿದೆ, ಬೋರ್ಡೂ ಹೋಗಿದೆ. ಎರಡೂ ಸೇರಿ 18 ಸಾವಿರ ಆಗುತ್ತೆ. ಇಲ್ಲಾಂದ್ರೆ ಎಕ್ಸ್‌ಚೇಂಜಲ್ಲಿ ಹೊಸದು ತಗೊಳ್ಳಿ.” ಮೋಟಾರ್ ಕವರಿನ ಒಂದು ಸ್ಕ್ರೂ ಬಿಚ್ಚಿರಲಿಲ್ಲ. ಬೆಲ್ಟ್ ಎತ್ತಿ ನೋಡಿರಲಿಲ್ಲ. 18 ಸಾವಿರ!

ಮೇಷ್ಟ್ರು ನನಗೆ ಫೋನ್ ಮಾಡಿದರು. “ಪೀಣ್ಯದಲ್ಲಿ ಮೋಟಾರ್ ಜೊತೇನೇ ಇಷ್ಟು ವರ್ಷ ಕಳೆದವನು ನೀನು, ಒಂದ್ಸಲ ಬಂದು ನೋಡಪ್ಪ.”

ಹೋದೆ. ಪ್ಲಗ್ ಕಿತ್ತೆ. ಬೆಲ್ಟಿನ ಅಂಚು ಎತ್ತಿ ಅಂಗೈ ಒಳಗೆ ತೂರಿಸಿದೆ. ಕೈ ಜಾರಲೇ ಇಲ್ಲ. ಬೆಲ್ಟಿನ ಒಳಮೈಯಲ್ಲಿ ಒಂದು ಬಟ್ಟೆಯ ಪದರ ಇರುತ್ತದೆ, ಅದು ಒಣಗಿ ಉಪ್ಪುಕಾಗದದ ಹಾಗೆ ಒರಟಾಗಿತ್ತು. ಕೆಳಗಿನ ಹಲಗೆ ಇನ್ನೂ ಬಿಸಿ ಇತ್ತು. ಕಾಲು ಬೀಳುವ ಜಾಗದಲ್ಲಿ ಬೆರಳಾಡಿಸಿದರೆ ಕಪ್ಪು ಪುಡಿ ಅಂಟಿಕೊಂಡಿತು. ಮನೆಗೆ ಬಂದಾಗಿನಿಂದ ಆ ಯಂತ್ರ ಒಂದು ಹನಿ ಎಣ್ಣೆ ಕಂಡಿಲ್ಲ. ಮೇಷ್ಟ್ರ ತಪ್ಪಲ್ಲ, ಎಣ್ಣೆ ಹಾಕಬೇಕು ಅಂತ ಅವರಿಗೆ ಯಾರೂ ಹೇಳಿಯೇ ಇಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ನೀವು ಹೆಜ್ಜೆ ಇಟ್ಟಾಗಲೆಲ್ಲ ನಿಮ್ಮ ಭಾರ ಬೆಲ್ಟನ್ನು ಹಲಗೆಗೆ ಒತ್ತುತ್ತದೆ. ನಡುವೆ ಎಣ್ಣೆ ಇದ್ದರೆ ಬೆಲ್ಟ್ ಜಾರುತ್ತದೆ, ಇಲ್ಲದಿದ್ದರೆ ಉಜ್ಜುತ್ತದೆ. ಆ ಉಜ್ಜುವಿಕೆಯ ವಿರುದ್ಧ ಎಳೆಯಬೇಕಾದದ್ದು ಮೋಟಾರು. ಜಾಸ್ತಿ ಎಳೆಯಬೇಕಾದರೆ ಜಾಸ್ತಿ ಕರೆಂಟ್ ಬೇಕು. ಆ ಕರೆಂಟ್ ಹಾದುಹೋಗುವುದು ಕಂಟ್ರೋಲ್ ಬೋರ್ಡಿನ ಮೂಲಕ. ಬೋರ್ಡ್ ಬಿಸಿಯಾಗುತ್ತದೆ, ತನ್ನನ್ನು ಉಳಿಸಿಕೊಳ್ಳಲು ಯಂತ್ರ ನಿಲ್ಲಿಸಿ ಎರರ್ ತೋರಿಸುತ್ತದೆ. ಇದನ್ನು ತಿಂಗಳುಗಟ್ಟಲೆ ಹಾಗೇ ಓಡಿಸಿದರೆ ಒಂದು ದಿನ ಬೋರ್ಡ್ ನಿಜವಾಗಿಯೂ ಸುಡುತ್ತದೆ. ಹೊಸ ಬೋರ್ಡ್ ಹಾಕಿ, ಬೆಲ್ಟ್ ಒಣಗಿದಂತೆಯೇ ಬಿಟ್ಟರೆ? ಅದೂ ಸುಡುತ್ತದೆ. ಆಗ ಇನ್ನೊಂದು ಬಿಲ್.

ಹುಡುಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕವರ್ ಬಿಚ್ಚಿದೆ. ಮೋಟಾರಿನಿಂದ ರೋಲರಿಗೆ ಹೋಗುವ ಸಣ್ಣ ಡ್ರೈವ್ ಬೆಲ್ಟ್ ಕಳಚಿ ಮೋಟಾರ್ ಒಂದನ್ನೇ ಓಡಿಸಿ ತೋರಿಸಿದೆ. ಸದ್ದಿಲ್ಲದೆ ನುಣ್ಣಗೆ ಓಡಿತು. ಭಾರ ತೆಗೆದ ಮೇಲೆ ಮೋಟಾರ್ ಹೀಗೆ ಓಡುತ್ತದೆ ಅಂದರೆ ಮೋಟಾರೂ ಸತ್ತಿಲ್ಲ, ಬೋರ್ಡೂ ಸತ್ತಿಲ್ಲ. ಡ್ರೈವ್ ಬೆಲ್ಟ್ ವಾಪಸ್ ಹಾಕಿ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ ಕರೆಂಟ್ ನೋಡಿದೆವು. ಆಮೇಲೆ ಬೆಲ್ಟಿನ ಎರಡೂ ಬದಿಯಿಂದ ಸಿಲಿಕೋನ್ ಎಣ್ಣೆ ಹಾಕಿ, ಯಾರೂ ಹತ್ತದೆ ನಿಧಾನಕ್ಕೆ ಸ್ವಲ್ಪ ಹೊತ್ತು ಓಡಿಸಿದೆವು. ಮೀಟರಿನ ರೀಡಿಂಗ್ ಕಣ್ಣೆದುರೇ ಇಳಿಯಿತು. ಮೇಷ್ಟ್ರು ಹತ್ತಿ ನಡೆದರು. ತಡೆಯಲಿಲ್ಲ, ನಿಲ್ಲಲಿಲ್ಲ.

ಹುಡುಗ ಹೇಳಿದ್ದು ಕೇಳಿ. “ಅಣ್ಣಾ, ನಮ್ಗೆ ಟ್ರೈನಿಂಗಲ್ಲಿ ಇದನ್ನೆಲ್ಲ ಹೇಳ್ಕೊಡಲ್ಲ. ಯಾವ ಎರರಿಗೆ ಯಾವ ಪಾರ್ಟ್ ಚೇಂಜ್ ಮಾಡ್ಬೇಕು, ಅಷ್ಟೇ.”

ನನ್ನ ಸಿಟ್ಟು ಅವನ ಮೇಲಲ್ಲ. ಇಡೀ ದಿನ ಬೈಕಿನಲ್ಲಿ ಅಲೆಯುವ ಹುಡುಗ. ಎಷ್ಟು ಪಾರ್ಟ್ ಮಾರಿದ ಅಂತ ಲೆಕ್ಕ ಕೇಳುವವರು ಅವನ ಮೇಲಿದ್ದಾರೆ. ಆದರೆ ಕಾಯಿಲೆಯವರ ಮನೆಗೆ ಹೋಗಿ, ಬೆಲ್ಟ್ ಕೆಳಗೆ ಒಂದು ಸಲ ಕೈ ಹಾಕದೆ, ಪಿಂಚಣಿ ದುಡ್ಡಿನಲ್ಲಿ 18 ಸಾವಿರ ಕೇಳುವ ಪದ್ಧತಿ ಇದೆಯಲ್ಲ, ಅದನ್ನು ಕಲಿಸಿದವರ ಮೇಲೆ ನನಗೆ ಸಿಟ್ಟಿದೆ. ಅದು ಮೋಸ. ನಾನು ಅದನ್ನು ಮೋಸ ಅಂತಲೇ ಕರೆಯುತ್ತೇನೆ.

ಮಾರುವಾಗಲೂ ಅಷ್ಟೇ. ಎಷ್ಟು ಎಚ್‌ಪಿ, ಎಷ್ಟು ಪ್ರೋಗ್ರಾಂ, ಬ್ಲೂಟೂತ್ ಇದೆಯಾ, ಇದನ್ನೆಲ್ಲ ಹೇಳುತ್ತಾರೆ. ಎಚ್‌ಪಿ ವಿಷಯದಲ್ಲೂ ದೊಡ್ಡಕ್ಷರದಲ್ಲಿ ಬರೆಯುವುದು ಪೀಕ್ ಎಚ್‌ಪಿ, ಅಂದರೆ ಕ್ಷಣಮಾತ್ರ ಎಳೆಯಬಲ್ಲ ಗರಿಷ್ಠ ಶಕ್ತಿ. ಯಂತ್ರ ಸತತವಾಗಿ ಎಷ್ಟು ಎಳೆಯುತ್ತದೆ ಅನ್ನುವುದನ್ನು ನೀವು ಕೇಳಿ ಕೇಳಿ ತಿಳಿಯಬೇಕು. ಪ್ಲಗ್ ಎಲ್ಲಿ ಹಾಕಬೇಕು ಅಂತಲೂ ಹೇಳುವುದಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಎರಡು ಎಚ್‌ಪಿ ಮೋಟಾರ್ ಪೂರ್ತಿ ಎಳೆದರೆ 1,492 ವ್ಯಾಟ್. ನಮ್ಮ 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ತಡೆಯುವುದು 1,380 ವ್ಯಾಟ್. ಆದರೂ ಎಷ್ಟೋ ಮನೆಗಳಲ್ಲಿ ಟ್ರೆಡ್‌ಮಿಲ್ ಟಿವಿ ಪಕ್ಕದ ಎಕ್ಸ್‌ಟೆನ್ಷನ್ ಬಾಕ್ಸಿಗೆ ನೇತಾಡುತ್ತಿರುತ್ತದೆ. ಗೀಸರಿಗೆ ಹಾಕುವಂಥ 16 ಆಂಪಿಯರ್ ಸಾಕೆಟ್ ಬೇಕು, ಸರಿಯಾದ ಅರ್ಥಿಂಗ್ ಬೇಕು. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ಮೇಲೆ ಸೇಫ್ಟಿ ಕೀ ಕಿತ್ತು ಎತ್ತಿಡಬೇಕು, ಅದಿಲ್ಲದೆ ಬೆಲ್ಟ್ ಓಡುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಒಂದು ಮಗು ಸತ್ತ ಮೇಲೆ ಪೆಲೊಟಾನ್ ಕಂಪನಿ ಟ್ರೆಡ್ ಪ್ಲಸ್ ಅನ್ನುವ ಸುಮಾರು 1,25,000 ಯಂತ್ರಗಳನ್ನು ವಾಪಸ್ ಕರೆಯಬೇಕಾಯಿತು. ಇಷ್ಟು ದೊಡ್ಡ ವಿಷಯ, ಡೆಲಿವರಿ ದಿನ ಎರಡು ಮಾತಲ್ಲಿ ಹೇಳಬಾರದಾ?

ಎಣ್ಣೆಯ ಬಗ್ಗೆ ಒಂದು ಮಾತು, ಯಾಕಂದ್ರೆ ಇದನ್ನು ಓದಿ ಯಾರೋ ಅಡುಗೆಮನೆಗೆ ಹೋಗುತ್ತಾರೆ. ಕೊಬ್ಬರಿ ಎಣ್ಣೆ ಬೇಡ. ಇಂಜಿನ್ ಆಯಿಲ್ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಬೇಡವೇ ಬೇಡ, ಬೆಲ್ಟ್ ಹಾಳಾಗುತ್ತದೆ. ಶುದ್ಧ ಸಿಲಿಕೋನ್ ಎಣ್ಣೆ, ಅಷ್ಟೇ. ಒಂದು ಸಣ್ಣ ಬಾಟಲಿ ಬಹಳ ಕಾಲ ಬರುತ್ತದೆ. ಕೆಲವು ಯಂತ್ರಗಳ ಹಲಗೆಗೆ ಮೊದಲೇ ಮೇಣ ಹಾಕಿರುತ್ತಾರೆ, ಅವಕ್ಕೆ ಎಣ್ಣೆ ಹಾಕಬಾರದು. ಹಾಗಾಗಿ ಮ್ಯಾನ್ಯುಯಲ್ ಒಮ್ಮೆ ತೆರೆದು ನೋಡಿ. ಎಣ್ಣೆ ಸುರಿದು ತೋಯಿಸಿದರೂ ಕೆಡುಕೇ, ಬೆಲ್ಟ್ ರೋಲರ್ ಮೇಲೆ ಜಾರಲು ಶುರುವಾಗುತ್ತದೆ.

ಈಗ ಕೆಲವರು ಕೇಳುತ್ತಾರೆ: ಇಷ್ಟೆಲ್ಲ ತಲೆನೋವು ಯಾಕೆ, ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಮಾಡಿಸಿದರೆ ಆಯ್ತಲ್ಲ? ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಎಎಂಸಿಯಲ್ಲಿ ಬರುವವನೂ ಬೆಲ್ಟ್ ಕೆಳಗೆ ಕೈ ಹಾಕದೆ ಸಹಿ ಹಾಕಿಸಿಕೊಂಡು ಹೋದರೆ ಆ ದುಡ್ಡು ಯಾಕೆ? ಇನ್ನು ಕೆಲವರದು ‘ಪಾರ್ಕಿನಲ್ಲಿ ನಡೀರಿ, ಯಂತ್ರ ಯಾಕೆ’ ಅನ್ನುವ ವಾದ. ನಮ್ಮ ಮೇಷ್ಟ್ರಿಗೆ ಬಂದು ಹೇಳಿ. ಕಿತ್ತುಹೋದ ಫುಟ್‌ಪಾತ್ ಮೇಲೆ, ಬೆಳಗಿನ ಜಾವ ನಾಯಿಗಳ ಗುಂಪಿನ ಮಧ್ಯೆ ನೀವೇ ಅವರ ಕೈ ಹಿಡಿದು ನಡೆಸಿ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಒಳ್ಳೆಯದೇ. ಆದರೆ ಮನೆಯ ಯಂತ್ರದ ಕವರ್ ಬಿಚ್ಚಿದರೆ ವಾರಂಟಿ ಹೋಯ್ತು ಅಂತ ಹೆದರಿಸುವುದು ನಿಂತಿದೆಯಾ? ಬೋರ್ಡ್ ರಿಪೇರಿ ಮಾಡುವವರು ಬೆಂಗಳೂರಿನ ಎಸ್‌ಪಿ ರೋಡಿನ ಸುತ್ತಮುತ್ತ ಇದ್ದಾರೆ. ಮೋಟಾರ್ ರಿವೈಂಡಿಂಗ್ ಅಂಗಡಿ ಪ್ರತಿ ಊರಲ್ಲೂ ಇದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಬ್ರಷ್ ಮಾತ್ರ ಹಾಕಿದರೆ ಸಾಕು, ಇಡೀ ಮೋಟಾರ್ ಬೇಕಿಲ್ಲ. ಇದನ್ನು ಕಂಪನಿಯವರು ಹೇಳುವುದಿಲ್ಲ. ಸುಳ್ಳು ಬಿಲ್ ಕೊಟ್ಟವರ ಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮೇಷ್ಟ್ರಿಗೂ ಅದನ್ನೇ ಹೇಳಿ ಬಂದಿದ್ದೇನೆ.

ಬೆಲ್ಟ್ ಹಿಡಿತ ತಪ್ಪಿ ಜಾರಿದರೆ ಎಲ್ಲರೂ ಮಾಡುವ ಕೆಲಸ ಒಂದಿದೆ, ಅಲೆನ್ ಕೀ ತಗೊಂಡು ಹಿಂದಿನ ಬೋಲ್ಟ್ ಬಿಗಿಯುತ್ತಾ ಹೋಗುವುದು. ದಯವಿಟ್ಟು ಮೊದಲು ನೋಡಿ. ನಡೆಯುವಾಗ ಬೆಲ್ಟ್ ನಿಂತು ಮುಂದಿನ ರೋಲರ್ ಮಾತ್ರ ತಿರುಗುತ್ತಿದ್ದರೆ ನಡೆಯುವ ಬೆಲ್ಟ್ ಸಡಿಲ. ರೋಲರೂ ನಿಂತು ಮೋಟಾರ್ ಒಂದೇ ತಿರುಗುತ್ತಿದ್ದರೆ ಒಳಗಿನ ಡ್ರೈವ್ ಬೆಲ್ಟ್ ಸಡಿಲ. ಎರಡಕ್ಕೂ ಬೇರೆ ಬೇರೆ ಮದ್ದು. ಬೆಲ್ಟ್ ಬಲಕ್ಕೆ ಹೋಗುತ್ತಿದ್ದರೆ ಬಲಗಡೆ ಬೋಲ್ಟನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಿ, ನಿಧಾನಕ್ಕೆ ಓಡಿಸಿ ನೋಡಿ, ಆಮೇಲೆ ಮುಂದಿನ ಕಾಲು ಸುತ್ತು. ಅತಿ ಬಿಗಿಯಾದರೆ ಬೇರಿಂಗ್ ಹೋಗುತ್ತದೆ, ಮೋಟಾರಿಗೆ ಮತ್ತೆ ಅದೇ ಭಾರ. ಮೋಟಾರ್ ಕವರ್ ತೆಗೆದು ಧೂಳು, ಕೂದಲು ತೆಗೆಯುವುದಾದರೆ ಪ್ಲಗ್ ಕಿತ್ತ ತಕ್ಷಣ ಕೈ ಹಾಕಬೇಡಿ. ಬೋರ್ಡಿನ ಕೆಪ್ಯಾಸಿಟರಲ್ಲಿ ಕರೆಂಟ್ ಉಳಿದಿರುತ್ತದೆ, ಸ್ವಲ್ಪ ಹೊತ್ತು ಬಿಡಿ. ಭಯ ಇದ್ದರೆ ಕವರ್ ಮುಟ್ಟಲೇಬೇಡಿ. ಪ್ಲಗ್ ಕಿತ್ತು ಬೆಲ್ಟ್ ಕೆಳಗೆ ಕೈ ಹಾಕಿ ನೋಡಲು ಮಾತ್ರ ಯಾವ ಭಯವೂ ಬೇಕಿಲ್ಲ.

ನಿಮ್ಮ ಮನೇಲಿ ಟ್ರೆಡ್‌ಮಿಲ್ ನಿಂತಿದ್ದರೆ, ಬಿಲ್ಲಿಗೆ ಒಪ್ಪುವ ಮುಂಚೆ ಇಲ್ಲಿ ಬರೀರಿ. ಯಾವ ಎರರ್ ಬರುತ್ತಿದೆ, ಎಷ್ಟು ಹೊತ್ತು ಓಡಿದ ಮೇಲೆ ನಿಲ್ಲುತ್ತದೆ, ಬೆಲ್ಟ್ ಕೆಳಗೆ ಕೈಗೆ ಏನು ಸಿಕ್ಕಿತು, ಮೂರನ್ನೂ ಹೇಳಿ. ಮೋಟಾರಿನ ಫೋಟೋ ಹಾಕುವುದಾದರೆ ಅದರ ಮೇಲಿನ ಸ್ಟಿಕರ್ ಸರಿಯಾಗಿ ಕಾಣುವ ಹಾಗೆ ತೆಗೀರಿ. ವೋಲ್ಟ್, ಆಂಪಿಯರ್ ಎರಡೂ ಓದಲು ಬರಬೇಕು.