ಮನೆಯಲ್ಲೇ ಇರಿ ಅಂದರು, ಎದೆನೋವು ಬಂದರೆ ಏನು ಮಾಡಬೇಕು ಅಂತ ಹೇಳಲಿಲ್ಲ

ಕೊರೊನಾ ಕಾಲದ ಸಾವುಗಳ ಮಾತು ಬಂದಾಗಲೆಲ್ಲ ನನಗೆ ಆ ಲೆಕ್ಕಕ್ಕೇ ಸೇರದ ಒಂದಷ್ಟು ಜನ ನೆನಪಾಗುತ್ತಾರೆ. ಅವರಿಗೆ ಸೋಂಕು ಇರಲಿಲ್ಲ. ಎದೆನೋವು ಬಂದಿತ್ತು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ ಅಂತ ಹೆದರಿ ಮನೆಯಲ್ಲೇ ಉಳಿದರು.

2020ರ ಮಾರ್ಚ್‌ನಲ್ಲಿ ಇಟಲಿಯ ಹೃದ್ರೋಗ ತಜ್ಞರು ಒಂದು ವಾರದ ಲೆಕ್ಕ ತೆಗೆದರು. ಹಿಂದಿನ ವರ್ಷದ ಅದೇ ವಾರಕ್ಕೆ ಹೋಲಿಸಿದರೆ, ಹಾರ್ಟ್ ಅಟ್ಯಾಕ್ ಆಗಿ ದಾಖಲಾದವರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇಂಗ್ಲೆಂಡಿನಲ್ಲೂ ಆ ತಿಂಗಳ ಕೊನೆಗೆ ಸುಮಾರು 40% ಇಳಿಕೆ. ಮನೆಯಲ್ಲಿ ಕೂತಿದ್ದರಿಂದ ಹೃದಯಕ್ಕೆ ವಿಶ್ರಾಂತಿ ಸಿಕ್ಕಿರಬಹುದು ಅಂತ ಕೆಲವರು ಆಗ ಅಂದುಕೊಂಡಿದ್ದರು. ಸ್ವಲ್ಪ ಮಟ್ಟಿಗೆ ಅದೂ ಇದ್ದೀತು. ಆದರೆ ಇಟಲಿಯ ಅದೇ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ. ರಕ್ತನಾಳ ಪೂರ್ತಿ ಕಟ್ಟಿಕೊಳ್ಳುವಂಥ ಗಂಭೀರ ಹಾರ್ಟ್ ಅಟ್ಯಾಕ್‌ ಆಗಿ ಬಂದವರಲ್ಲಿ ಸಾವಿನ ಪ್ರಮಾಣ 4.1%ರಿಂದ 13.7%ಕ್ಕೆ ಏರಿತ್ತು. ವಿಶ್ರಾಂತಿ ಸಿಕ್ಕ ಹೃದಯಗಳ ಲೆಕ್ಕ ಹೀಗಿರುವುದಿಲ್ಲ, ಅಲ್ವಾ?

ತಡ ಎಷ್ಟಾಗುತ್ತಿತ್ತು? ಹಾಂಗ್‌ಕಾಂಗ್‌ನ ಒಂದು ಆಸ್ಪತ್ರೆಯ ಚಿಕ್ಕ ಲೆಕ್ಕ ಇದೆ, ರೋಗಿಗಳು ಏಳೇ ಜನ. ಮೊದಲೆಲ್ಲ ನೋವು ಶುರುವಾಗಿ ಸುಮಾರು ಒಂದೂವರೆ ಗಂಟೆಯೊಳಗೆ ಜನ ವೈದ್ಯರ ಕೈಗೆ ಸಿಗುತ್ತಿದ್ದರು. 2020ರ ಆರಂಭದಲ್ಲಿ ಅದು ಐದು ಗಂಟೆ ದಾಟಿತು. ಸಂಖ್ಯೆ ಚಿಕ್ಕದಾದರೂ ನನ್ನನ್ನು ಕಾಡಿದ್ದು ಇದೇ. ರಕ್ತ ಸಿಗದ ಹೃದಯದ ಮಾಂಸ ಅರ್ಧ ಗಂಟೆಯ ಆಸುಪಾಸಿನಲ್ಲೇ ಸಾಯಲು ಶುರುವಾಗುತ್ತದೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ರೋಗಿ ಬಾಗಿಲಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ, ತೊಂಬತ್ತು ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ರಕ್ತನಾಳವನ್ನು ಬಲೂನ್ ತೂರಿಸಿ ತೆರೆಯುವುದು) ಅಂತ ಗುರಿ ಇಟ್ಟುಕೊಂಡಿರುವುದು. ಐದು ಗಂಟೆ ಮನೆಯಲ್ಲೇ ಕಳೆದುಹೋದ ಮೇಲೆ ಆಸ್ಪತ್ರೆ ಎಷ್ಟು ಓಡಿದರೂ ಉಳಿಸಿಕೊಳ್ಳುವುದಕ್ಕೆ ಉಳಿದಿರುವುದೇ ಕಡಿಮೆ.

ಇದಕ್ಕೆ ರೋಗಿಗಳನ್ನು ದೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಅವರ ಕಿವಿಗೆ ಬಿದ್ದಿದ್ದು ಒಂದೇ ಮಾತು: ಹೊರಗೆ ಬರಬೇಡಿ, ಆಸ್ಪತ್ರೆಗಳ ಮೇಲೆ ಹೊರೆ ಹಾಕಬೇಡಿ. ನೆಗಡಿ ಜ್ವರಕ್ಕೆ ಅದು ಸರಿಯಾದ ಸಲಹೆ. ಆದರೆ ಮರ್ಯಾದಸ್ಥ ಮನುಷ್ಯ ಅದನ್ನು ತನ್ನ ಎದೆನೋವಿಗೂ ಅನ್ವಯಿಸಿಕೊಂಡ. ಇಂಥ ಹೊತ್ತಲ್ಲಿ ಡಾಕ್ಟರಿಗೆ ತೊಂದರೆ ಯಾಕೆ, ಗ್ಯಾಸ್ಟ್ರಿಕ್ ಇರಬೇಕು, ಬೆಳಗ್ಗೆ ನೋಡೋಣ ಅಂದ. ಉಸಿರಾಟದ ತೊಂದರೆ ಬಂದವರ ಕಷ್ಟ ಇನ್ನೂ ದೊಡ್ಡದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಎದೆನೋವೇ ಇಲ್ಲದೆ, ಬರೀ ಏದುಸಿರಾಗಿ, ಸುಸ್ತಾಗಿ ಬರುತ್ತದೆ. ಅದನ್ನೂ ಕೊರೊನಾ ಅಂದುಕೊಂಡು ಕೋಣೆ ಸೇರಿಬಿಟ್ಟರೆ ಮುಗೀತು.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರಲ್ಲೇ, ಅನುಮಾನಿಸುತ್ತಾ ಕೂತು ಸಾಯಬೇಡಿ, ಆಂಬ್ಯುಲೆನ್ಸ್ ಕರೆಯಿರಿ ಅಂತ ಪ್ರಚಾರ ಶುರುಮಾಡಿತು. ಒಳ್ಳೆಯ ಕೆಲಸ. ಆದರೆ ಅಷ್ಟು ಹೊತ್ತಿಗಾಗಲೇ ಭಯ ಬೇರು ಬಿಟ್ಟಿತ್ತು.

ಆಸ್ಪತ್ರೆಯೊಳಗಿನ ತಡದ ಬಗ್ಗೆಯೂ ಹೇಳಬೇಕು. ಸೋಂಕಿನ ಪ್ರಶ್ನೆಗಳು, ಪಿಪಿಇ ಕಿಟ್ ಹಾಕಿಕೊಳ್ಳುವುದು, ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ, ಅಂದರೆ ಕ್ಯಾಥ್ ಲ್ಯಾಬ್ ಶುಚಿ ಮಾಡುವುದು, ಎಲ್ಲಕ್ಕೂ ಹೊತ್ತು ಬೇಕು. ಸಿಬ್ಬಂದಿಯ ಜೀವವೂ ಜೀವವೇ, ಅವರ ರಕ್ಷಣೆಯಲ್ಲಿ ರಾಜಿ ಬೇಡ. ನಾನು ಒಪ್ಪದಿರುವುದು ಟೆಸ್ಟ್ ರಿಪೋರ್ಟ್ ಬರಲಿ ಅಂತ ಚಿಕಿತ್ಸೆಯನ್ನೇ ನಿಲ್ಲಿಸಿ ಕಾಯುವುದನ್ನು. ಬಂದವರೆಲ್ಲರಿಗೂ ಸೋಂಕು ಇರಬಹುದು ಅಂತಲೇ ಇಟ್ಟುಕೊಂಡು, ಕಿಟ್ ಹಾಕಿಕೊಂಡು ಶುರುಮಾಡಲಿ. ರಿಪೋರ್ಟ್ ಆಮೇಲೆ ಬರಲಿ. ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಆಗುವ ಹಾಗೆ ಕಾಣದಿದ್ದರೆ, ರಕ್ತಸ್ರಾವದ ಅಪಾಯ ಇಲ್ಲದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು ಅನ್ನುವುದು ಸಾಂಕ್ರಾಮಿಕಕ್ಕೂ ಮೊದಲೇ ಇದ್ದ ನಿಯಮ. ಚೀನಾದ ವೈದ್ಯರು ಆಗ ಇದಕ್ಕೇ ಮೊದಲ ಆದ್ಯತೆ ಕೊಟ್ಟರು. ಆ ಬಗ್ಗೆ ತಕರಾರೂ ಇತ್ತು, ಯಾಕೆಂದರೆ ಸಮಯಕ್ಕೆ ಸಿಕ್ಕರೆ ಆಂಜಿಯೋಪ್ಲಾಸ್ಟಿಯೇ ಮೇಲು. ಆದರೆ ಈಗಲೇ ಸಿಗುವ ಇಂಜೆಕ್ಷನ್, ನಾಲ್ಕು ಗಂಟೆ ಬಿಟ್ಟು ಸಿಗುವ ಆಂಜಿಯೋಪ್ಲಾಸ್ಟಿಗಿಂತ ಒಳ್ಳೆಯದು ಅಂತ ನನ್ನ ನಂಬಿಕೆ.

ಮುಂದೆ ಇಂಥದ್ದೇ ಇನ್ನೊಂದು ಕಾಯಿಲೆ ಬಂದರೆ, ಮನೆಯಲ್ಲೇ ಇರಿ ಅನ್ನುವ ಮೊದಲ ದಿನದ ಪ್ರಕಟಣೆಯಲ್ಲೇ ಎದೆನೋವು, ಏದುಸಿರು, ಕೈಕಾಲು ಸ್ವಾಧೀನ ತಪ್ಪುವುದು ಇವಕ್ಕೆ ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ ಅಂತ ಇರಬೇಕು. ಜೊತೆಗೆ ಸೋಂಕಿತರಿಗೆ ಬೇರೆ ಬಾಗಿಲು, ಹೃದಯದ ರೋಗಿಗಳಿಗೆ ಬೇರೆ ಬಾಗಿಲು ಮಾಡಬೇಕು. ಯಾವ ಬಾಗಿಲು ಯಾರಿಗೆ ಅನ್ನುವುದನ್ನೂ ಅದೇ ಪ್ರಕಟಣೆಯಲ್ಲಿ ಹೇಳಬೇಕು. ಸುಮ್ನೆ ಬನ್ನಿ ಅಂದರೆ ಹೆದರಿದವರು ಬರುವುದಿಲ್ಲ.